ಬೇರೆಯವಳ ತಪ್ಪನ್ನ ಒಪ್ಪಿಕೊಂಡ ಪರಿಮಳ

ಒಂದು ಕಾಡಲ್ಲಿ ಹೆಣ್ಣುಮರಿಗಳದೇ ಒಂದು ಕೂಟ ಇತ್ತು. ಗಂಡುಮರಿಗಳಿಗೆ ಅಲ್ಲಿ ಜಾಗ ಇರ್ಲಿಲ್ಲ. ಅವು ಕೊಂಬು ಕುಟ್ಕೊಂಡು, ಬಾಲ ಕಚ್ಚಾಡ್ಕೊಂಡು ಇನ್ನೆಲ್ಲೋ ಬಿದ್ದಿರ್ತಿದ್ವು. ಈ ಕೂಟ ನಡೆಸ್ತಿದ್ದವಳು ಕಡವೆ ದ್ಯಾವಕ್ಕ. ವಯಸ್ಸಾದವಳು, ಎತ್ತರದ ಆಳು. ಅವಳು ಕತ್ತು ಎತ್ತಿ ಒಂದ್ಸಲ ನೋಡಿದ್ರೆ ಮರಿಗಳ ಮಾತು ಗಂಟಲಲ್ಲೇ ನಿಂತೋಗ್ತಿತ್ತು.

ಆ ವರ್ಷ ಕಡು ಬೇಸಿಗೆ. ಹಳ್ಳ ಎಲ್ಲ ಒಣಗಿ, ಕಾಡಿಗೆಲ್ಲ ಒಂದೇ ಒಂದು ನೀರಿನ ಹೊಂಡ ಉಳಿದಿತ್ತು. ಒಂಟಿಯಾಗಿ ನೀರಿಗೆ ಹೋದವಳನ್ನ ಚಿರತೆ ಬಿಡ್ತಿರ್ಲಿಲ್ಲ. ಅದಕ್ಕೇ ಕೂಟದವರು ಹೊತ್ತು ಇಳಿಯೋ ವೇಳೆಗೆ ಒಟ್ಟಿಗೇ ಹೋಗೋರು. ಒಬ್ಬಳು ಬಂಡೆ ಮೇಲೆ ಕಾವಲು ನಿಲ್ಲೋಳು, ಮಿಕ್ಕವರು ಕುಡಿಯೋರು. ಎಲ್ಲರದ್ದೂ ಆದ ಮೇಲೆ ಕಾವಲಿನವಳು ಇಳಿದು ಕುಡಿಯೋಳು.

ಕುಡಿದಾದ ಮೇಲೆ ಪಕ್ಕದ ಹುತ್ತದ ಸುತ್ತ ಕೂರೋರು. ಗೊರಸಿದ್ದವಳು ಗೊರಸು, ಪಂಜ ಇದ್ದವಳು ಪಂಜ ಹುತ್ತದ ಮೇಲಿಟ್ಟು, ಆವತ್ತು ತಾನು ಮಾಡಿದ ತಪ್ಪನ್ನ ತಾನೇ ಹೇಳ್ಕೊಬೇಕು. ಹೇಳ್ಕೊಂಡವಳ ಹಣೆ ನೆಕ್ಕಿ ದ್ಯಾವಕ್ಕ ಕ್ಷಮಿಸ್ಬಿಡೋಳು.

"ನಿನ್ನ ತಪ್ಪು ನೀನು ಹೇಳು. ಇನ್ನೊಬ್ಬಳ ತಪ್ಪನ್ನ ನಿನ್ನ ಬಾಯಲ್ಲಿ ಎತ್ತಬೇಡ," ಅಂತ ದ್ಯಾವಕ್ಕ ದಿನಾ ಹೇಳೋಳು. ಚಾಡಿ ಮಾತಿನಿಂದಲೇ ಹಿಂದಿನ ಕೂಟ ಒಡೆದು ಚೂರಾಗಿತ್ತಂತೆ.

ಮಾಡಿದ ತಪ್ಪನ್ನ ಒಪ್ಪದೇ ಇದ್ರೆ? ಆಗ ಎಲ್ಲರೂ ಅವಳಿಗೆ ಬೆನ್ನು ತಿರುಗಿಸಿ ಕೂರೋರು. ಒಪ್ಪೋತನಕ ಮಾತಿಲ್ಲ, ಜೊತೇಲಿ ನೀರೂ ಇಲ್ಲ. ಬೇಸಿಗೇಲಿ ಅದು ಸಾಯೋ ಶಿಕ್ಷೆ ಅಲ್ದೆ ಇನ್ನೇನು?

ಕೂಟದಲ್ಲಿ ಪರಿಮಳ ಅಂತ ಒಬ್ಬಳು ಇದ್ಳು. ಪುನುಗು ಬೆಕ್ಕಿನ ಮಗಳು. ಅವಳು ಬರೋಕ್ಕೆ ಮುಂಚೆ ಅವಳ ಮೈ ಘಮಲು ಬರ್ತಿತ್ತು. ಹುಟ್ಟಿದಾಗಲೇ ಅಂಟಿಕೊಂಡ ವಾಸನೆ ಅದು. ತಾನೇ ಕಷ್ಟಪಟ್ಟು ಸಂಪಾದಿಸಿದ್ದೇನೋ ಅನ್ನೋ ಹಂಗೆ ಮೆರೀತಿದ್ಳು. ಮುಳ್ಳುಹಂದಿ ನಿಂಗಿ ಪಕ್ಕ ಬಂದು ಕೂತ್ರೆ ಸಾಕು, "ಸ್ವಲ್ಪ ಆ ಕಡೆ ಸರ್ಕೊಳ್ಳೇ, ಮಣ್ಣು ಮಣ್ಣು ವಾಸ್ನೆ," ಅನ್ನೋಳು.

ನಿಂಗಿ ಹೊಸದಾಗಿ ಸೇರಿದವಳು. ಮೂಗಿನ ಮೇಲೆ ಯಾವಾಗ್ಲೂ ಮಣ್ಣು, ಬಾಯಲ್ಲಿ ಯಾವ್ದೋ ಬೇರು. ಅನ್ನಿಸ್ಕೊಂಡು ಸರಿದು ಕೂರೋಳೇ ಹೊರತು ಎದುರು ಮಾತಾಡೋಳಲ್ಲ. ಅವಳನ್ನ ಕೂಟಕ್ಕೆ ಸೇರಿಸ್ಕೊಂಡಿದ್ದೇ ಅವರವ್ವನಿಗೆ ದೊಡ್ಡ ಹಬ್ಬ ಆಗಿತ್ತು.

ಒಂದು ಸಂಜೆ ಬಂಡೆ ಕಾವಲು ಪರಿಮಳನ ಪಾಲಿಗೆ ಬಂತು. ಹತ್ತಿದ್ಳು, ನಿಂತ್ಳು. ಅಷ್ಟರಲ್ಲಿ ಗಾಳಿ ಬೀಸ್ತು. ಗಾಳೀಲಿ ಈಚಲ ಹಣ್ಣಿನ ವಾಸ್ನೆ! ಪರಿಮಳನಿಗೆ ಬಾಯಲ್ಲಿ ನೀರೂರ್ತು. ನಾಳೆ ಹೋದ್ರೆ ಹಕ್ಕಿಗಳು ಉಳಿಸ್ತಾವಾ? ಕೆಳಗೆ ನೋಡಿದ್ಳು. ಎಲ್ಲರೂ ಕುಡಿದು ಆಗಲಿ ಅಂತ ನಿಂಗಿ ಹಿಂದೆ ನಿಂತಿದ್ಳು.

"ನಿಂಗೀ, ಬಾರೇ ಇಲ್ಲಿ. ನನ್ನ ಜಾಗದಲ್ಲಿ ಚೂರು ನಿಂತ್ಕೋ."

"ನಾನಾ? ನಂಗೆ ದೂರದ್ದು ಸರಿಯಾಗಿ ಕಾಣಲ್ಲ ಕಣೇ."

"ಕಿವಿ ಇಲ್ವೇನೇ ನಿಂಗೆ? ಬಂಡೆ ಮೇಲೆ ನಿಂತ್ರೆ ದ್ಯಾವಕ್ಕನ ಕಣ್ಣಿಗೂ ಬೀಳ್ತೀಯ. ಎಷ್ಟು ದಿನ ಅಂತ ಹಿಂದೇನೇ ನಿಲ್ತೀಯಾ? ಈಗ ಹೋಗಿ ಈಗ ಬಂದೆ."

ಪಾಪ, ನಿಂಗಿಗೂ ಆಸೆ ಆಯ್ತು. ಬಂಡೆ ಹತ್ತಿದ್ಳು. ಪರಿಮಳ ಪೊದೆ ಸಂದಿಯಿಂದ ನುಸುಳಿ ಗುಡ್ಡದ ಆಚೆಗಿದ್ದ ಈಚಲ ಮರದ ಕಡೆ ಓಡಿದ್ಳು.

ಅಲ್ಲಿ ಇವಳು ಬಾಯ್ತುಂಬ ಹಣ್ಣು ತುಂಬ್ಕೊಂಡಿರೋ ಹೊತ್ತಿಗೆ ಮೊಲದ ಹುಡುಗಿ ಸಣ್ಣಿ ಬಂದ್ಳು. ಸಣ್ಣಿ ಯಾವತ್ತೂ ನೀರಿಗೆ ತಡವಾಗಿಯೇ ಬರೋಳು.

"ಅಯ್ಯೋ ಪರಿಮಳಾ, ಇವತ್ತು ನಿಂದಲ್ವೇನೇ ಕಾವಲು?"

"ನಿಂಗಿ ನಿಂತವ್ಳೆ. ನೀನು ಕೂಗ್ಬೇಡ. ತಗೋ, ನೀನೂ ತಿನ್ನು," ಅಂತ ಪರಿಮಳ ಒಂದು ಗೊಂಚಲು ಅವಳ ಮುಂದೆ ಎಸೆದ್ಳು. ಸಣ್ಣಿ ಉದ್ದ ಕಿವಿ ಮಡಚಿ ಸುಮ್ನೆ ತಿನ್ನೋಕೆ ಕೂತ್ಳು.

ಇತ್ತ ಹೊಂಡದ ಹತ್ರ ಒಣಗಿದ ಎಲೆ ಸರ್ ಅಂತು. ನಿಂಗಿಗೆ ಕಣ್ಣಿಗೆ ಏನೂ ಕಾಣ್ಲಿಲ್ಲ. ಕಿವಿಗೆ ಮಾತ್ರ ಬಿತ್ತು. ತಕ್ಷಣ ಮೈಮುಳ್ಳೆಲ್ಲ ನಿಮಿರಿಸಿ ಗಲಗಲ ಅಂತ ಅಲ್ಲಾಡಿಸಿದ್ಳು. ಅಷ್ಟರಲ್ಲಿ ಚಿರತೆ ಗರ್ಜಿಸಿ ಹಾರಿತ್ತು. ಜಿಂಕೆ ಹುಡುಗಿ ಚುಕ್ಕಿ ಆ ಸದ್ದಿಗೆ ಬೆಚ್ಚಿ ಎಗರಿದ್ಳು. ಕುತ್ತಿಗೆಗೆ ಬೀಳಬೇಕಾದ ಪಂಜ ಹಿಂಗಾಲು ಸೀಳ್ತು. ಎಲ್ಲರೂ ದಿಕ್ಕಾಪಾಲಾಗಿ ಓಡಿದ್ರು.

ಚಿರತೆ ಹೋಯ್ತು ಅಂತ ಖಾತ್ರಿಯಾದ ಮೇಲೆ ಒಬ್ಬೊಬ್ಬರೇ ಹುತ್ತದ ಹತ್ರ ಬಂದು ಸೇರಿದ್ರು. ಚುಕ್ಕಿ ಕಾಲಿಂದ ರಕ್ತ ಸೋರ್ತಿತ್ತು. ದ್ಯಾವಕ್ಕನ ಮುಖ ನೋಡೋಕೆ ಆಗ್ತಿರ್ಲಿಲ್ಲ.

"ಕಾವಲಿಗೆ ನಿಂತಿದ್ದವಳು ಮುಂದೆ ಬಾ," ಅಂದ್ಳು.

ನಿಂಗಿ ಹೋಗಿ ಹುತ್ತದ ಮೇಲೆ ಪಂಜ ಇಟ್ಳು. "ನಾನು ನಿಂತಿದ್ದೆ ಅಕ್ಕ. ದೂರ ಕಾಣಲ್ಲ ಅಂತ ಗೊತ್ತಿದ್ರೂ ಆಸೆಗೆ ನಿಂತ್ಕೊಂಡೆ. ಅದು ನನ್ನ ತಪ್ಪು."

"ಬಂಡೆ ಪರಿಮಳಂದಲ್ವಾ? ನೀನ್ಯಾಕೆ ಹತ್ತಿದೆ?"

ಉತ್ತರ ಹೇಳ್ಬೇಕಾದ್ರೆ ಪರಿಮಳನ ತಪ್ಪು ಹೇಳ್ಬೇಕು. ಕೂಟದಲ್ಲಿ ಅದಿಲ್ಲ. ನಿಂಗಿ ಪರಿಮಳನ ಮುಖ ನೋಡಿದ್ಳು. ಈಗ ಹೇಳ್ತಾಳೆ, ಇನ್ನೇನು ಹೇಳ್ತಾಳೆ ಅಂತ ಕಾದ್ಳು.

ಪರಿಮಳ ಮುಂದೆ ಬಂದ್ಳು. ಬಾಯಿಗಂಟಿದ್ದ ಹಣ್ಣಿನ ರಸ ಅಷ್ಟರಲ್ಲೇ ಒರೆಸ್ಕೊಂಡಿದ್ಳು. ಹುತ್ತದ ಮೇಲೆ ಪಂಜ ಇಟ್ಟು, ಕಣ್ಣಲ್ಲಿ ನೀರು ಬೇರೆ ತಂದ್ಕೊಂಡ್ಳು!

"ನನ್ನದೂ ತಪ್ಪಿದೆ ಅಕ್ಕ. ಒಪ್ಕೊಂಡ್ಬಿಡ್ತೀನಿ. ನಿಂಗಿ ಬಂದು, ಒಂದು ಸಲ ಬಂಡೆ ಹತ್ತುತೀನಿ ಕೊಡೇ ಅಂತ ಗೋಗರೆದ್ಳು. ಪಾಪ, ಹೊಸಬಳು ಅಂತ ಕೊಟ್ಬಿಟ್ಟೆ. ಕೆಳಗೆ ನೀರು ಕುಡೀತಾ ತಲೆ ಎತ್ತಿ ನೋಡ್ತೀನಿ, ತೂಕಡಿಸ್ತಾ ಕೂತವ್ಳೆ! ಚಿರತೆ ಬಂದ ಮೇಲೆ ಎದ್ದು ಮುಳ್ಳು ಅಲ್ಲಾಡಿಸಿದ್ರೆ ಏನು ಬಂತು? ಎಬ್ಬಿಸ್ಬೇಕಿತ್ತು ನಾನು. ಬೇಜಾರು ಮಾಡ್ಕೊಳ್ತಾಳೆ ಅಂತ ಸುಮ್ನಾದೆ. ನಂದೇ ತಪ್ಪು, ನಂದೇ."

ಹೆಂಗಿದೆ ನೋಡಿ! ಹೆಸರಿಗೆ ತನ್ನ ತಪ್ಪು, ಒಳಗೆ ಇರೋದೆಲ್ಲ ಇನ್ನೊಬ್ಬಳ ತಪ್ಪು. ತನ್ನ ಎದೆಗೆ ತಾನೇ ಗುದ್ಕೊಂಡು ಅಳೋಳ ಮಾತನ್ನ ಯಾರು ತಾನೇ ಅನುಮಾನ ಪಡ್ತಾರೆ?

"ಎಂಥಾ ಮನಸ್ಸಮ್ಮಾ ಇವಳದು," ಅಂದ್ಳು ಚುಕ್ಕಿ, ನೋವಲ್ಲೇ. ಸಣ್ಣಿ ನೆಲ ನೋಡ್ತಾ ಮೀಸೆ ಕುಣಿಸಿದ್ಳು. ಒಂದು ಗೊಂಚಲು ಹಣ್ಣು ಇನ್ನೂ ಹೊಟ್ಟೇಲಿ ಕರಗಿರ್ಲಿಲ್ಲ.

ದ್ಯಾವಕ್ಕ ನಿಂಗಿ ಕಡೆ ತಿರುಗಿದ್ಳು. "ನಿದ್ದೆ ಮಾಡಿದ್ಯಾ?"

"ಇಲ್ಲಕ್ಕ."

"ಹಂಗಾದ್ರೆ ಪರಿಮಳ ಸುಳ್ಳು ಹೇಳ್ತವ್ಳಾ?"

ನಿಂಗಿ ಮತ್ತೆ ಪರಿಮಳನನ್ನೇ ನೋಡಿದ್ಳು. ಪರಿಮಳ ತನ್ನ ಬಾಲ ನೆಕ್ಕಿ ನುಣುಪು ಮಾಡ್ಕೊಳ್ತಿದ್ಳು.

ದ್ಯಾವಕ್ಕ ಪರಿಮಳನ ಹಣೆ ನೆಕ್ಕಿದ್ಳು. ಆಮೇಲೆ ಎಲ್ಲರಿಗಿಂತ ಮೊದಲು ತಾನೇ ನಿಂಗಿಗೆ ಬೆನ್ನು ತಿರುಗಿಸಿದ್ಳು. ಅವಳನ್ನ ನೋಡಿ ಚುಕ್ಕಿ ತಿರುಗಿದ್ಳು. ಸಣ್ಣಿ ತಿರುಗಿದ್ಳು. ನಿಂಗಿ ಮಾಡದ ತಪ್ಪನ್ನ ಒಪ್ಪೋದು ಹೆಂಗೆ? ಮಣ್ಣು ಮೂಗು ನೆಲಕ್ಕೆ ತಾಗಿಸ್ಕೊಂಡು ಮನೆಗೆ ಹೋದ್ಳು.

ಇಷ್ಟಕ್ಕೇ ಮುಗೀಲಿಲ್ಲ. ಪರಿಮಳ ದಾರೀಲಿ ಸಿಕ್ಕಿದವರಿಗೆಲ್ಲ ಇದನ್ನೇ ಹೇಳಿದ್ಳು. ಮುಂಗುಸಿ ಕೆಂಪಮ್ಮನ ಬಿಲದ ಮುಂದೆ ನಿಂತು, "ನಂದೇ ತಪ್ಪು ಕಣತ್ತೆ, ಆ ನಿದ್ದೆಬುರುಕಿಗೆ ಜಾಗ ಕೊಟ್ಟಿದ್ದು," ಅಂದ್ಳು. ಉಡದಜ್ಜಿ ಪೊಟರೆ ಹತ್ರ ನಿಂತು, "ನಂದೇ ತಪ್ಪು ಕಣಜ್ಜೀ," ಅಂದ್ಳು. ಕಾಡೆಲ್ಲ ಪರಿಮಳ ಒಳ್ಳೇಳು, ನಿಂಗಿ ನಿದ್ದೆಬುರುಕಿ.

ಕೂಟದಲ್ಲಿ ಇನ್ನೊಂದು ತಮಾಷೆ ಶುರುವಾಯ್ತು. ಪರಿಮಳನ ಥರ ತಪ್ಪೊಪ್ಪಿಕೊಂಡ್ರೆ ಎಷ್ಟು ಹೊಗಳಿಕೆ ಸಿಗುತ್ತೆ ಅಂತ ಮಿಕ್ಕವರೂ ನೋಡಿದ್ರಲ್ಲ! ಅವರೂ ಕಲಿತ್ರು.

"ನನ್ನದೊಂದು ತಪ್ಪಿದೆ ಅಕ್ಕ," ಅಂದ್ಳು ಚುಕ್ಕಿ. "ಸಣ್ಣಿ ನಿಮ್ಮನ್ನ ಮುದುಕಿ, ನಡೆದ್ರೆ ಮೊಣಕಾಲು ಲಟಲಟ ಅನ್ನುತ್ತೆ ಅಂದ್ಳು. ಕೇಳಿ ನಂಗೆ ನಗು ಬಂದ್ಬಿಡ್ತು. ನಗಬಾರ್ದಿತ್ತು."

ಸಣ್ಣಿ ಕಿವಿ ನೆಟ್ಟಗಾದ್ವು. "ನಂದೂ ಒಂದಿದೆ. ಚುಕ್ಕಿ ನೆಲ್ಲಿಕಾಯಿ ಬಚ್ಚಿಟ್ಕೊಂಡು ಒಬ್ಬಳೇ ತಿಂತಾಳೆ. ಕಂಡೂ ಸುಮ್ನಿದ್ದೆ. ನಂದೇ ತಪ್ಪು."

"ಯಾವ ನೆಲ್ಲಿಕಾಯೇ?"

"ನಿನ್ನ ತಪ್ಪು ನಾನು ಹೇಳ್ಲಿಲ್ಲ ಕಣೇ, ನನ್ನ ತಪ್ಪು ಹೇಳ್ಕೊಂಡೆ!"

ದಿನಾ ಇದೇ ಆಯ್ತು. ಕ್ಷಮಿಸೋಕೆ ಅಂತ ಸೇರ್ತಿದ್ದ ಜಾಗದಲ್ಲಿ ಒಬ್ಬರ ಮೇಲೊಬ್ಬರು ಕೆಸರೆರಚಿ ಎದ್ದು ಹೋಗೋರು. ದ್ಯಾವಕ್ಕನಿಗೆ ತಲೆ ಕೆಟ್ಟೋಯ್ತು. ಯಾರ ಹಣೆ ನೆಕ್ಕೋದು, ಯಾರಿಗೆ ಬೆನ್ನು ಕೊಡೋದು ಅಂತಲೇ ಗೊತ್ತಾಗ್ತಿರ್ಲಿಲ್ಲ. ಪರಿಮಳ ಮಾತ್ರ ಮಧ್ಯದಲ್ಲಿ ಕೂತು, "ಛೇ ಛೇ, ಹಂಗೆಲ್ಲ ಜಗಳ ಆಡ್ಬಾರ್ದ್ರೇ," ಅಂತ ಬುದ್ಧಿ ಹೇಳೋಳು.

ಹಿಂಗೇ ಒಂದು ಸಂಜೆ ಬುದ್ಧಿ ಹೇಳ್ತಾ ಹೇಳ್ತಾ ಅವಳಿಗೆ ನಾಲಿಗೆ ತುರಿಸ್ತು. "ನನ್ನದೊಂದು ಸಣ್ಣ ತಪ್ಪು ಅಕ್ಕ. ಸಣ್ಣಿ ದಿನಾ ತಡವಾಗಿ ಬರೋದು ಸೋಮಾರಿತನಕ್ಕೆ. ಗೊತ್ತಿದ್ರೂ ನಿಮ್ಗೆ ಹೇಳ್ದೆ ಮುಚ್ಚಿಟ್ಟೆ."

ಸಣ್ಣಿಗೆ ಎಲ್ಲಿತ್ತೋ ರೋಷ. ಚಂಗನೆ ಹಾರಿ ಹುತ್ತದ ಮೇಲೆ ಎರಡೂ ಪಂಜ ಇಟ್ಳು.

"ನಂದೂ ಒಂದು ತಪ್ಪಿದೆ! ದೊಡ್ಡ ತಪ್ಪು! ಚಿರತೆ ಚುಕ್ಕಿ ಕಾಲು ಸೀಳಿದ ದಿನ ಪರಿಮಳ ಈಚಲ ಮರದ ಕೆಳಗೆ ಹಣ್ಣು ಮುಕ್ತಾ ಇದ್ಳು. ಚಿರತೆ ಗರ್ಜಿಸಿದಾಗಲೂ ಅಲ್ಲೇ ಇದ್ಳು, ನನ್ನ ಎದುರಿಗೇ. ಒಂದು ಗೊಂಚಲು ಕೊಟ್ಳು. ತಿಂದು ಬಾಯಿ ಮುಚ್ಕೊಂಡೆ. ನಂದೇ ತಪ್ಪು!"

ದ್ಯಾವಕ್ಕ ನಿಧಾನಕ್ಕೆ ಪರಿಮಳನ ಕಡೆ ಕತ್ತು ತಿರುಗಿಸಿದ್ಳು.

"ಈಚಲ ಮರ ಗುಡ್ಡದ ಆ ಕಡೆ ಇರೋದು. ಅಲ್ಲಿಂದ ನಿಂಗಿ ತೂಕಡಿಸಿದ್ದು ನಿಂಗೆ ಹೆಂಗೆ ಕಾಣಿಸ್ತು?"

ಪರಿಮಳ ಬಾಲ ನೆಕ್ಕೋಕೆ ತಲೆ ಬಗ್ಗಿಸಿದ್ಳು.

"ನಡೀರಿ ಎಲ್ಲ," ಅಂದ್ಳು ದ್ಯಾವಕ್ಕ.

ನಿಂಗಿಯ ಬಿಲದ ಬಾಯಲ್ಲಿ ಅವರವ್ವ ಕೂತಿದ್ಳು. ಕೂಟದವರನ್ನ ಕಂಡವಳೇ ಮುಳ್ಳು ಕೆದರಿದ್ಳು.

"ಬನ್ನಿ ದ್ಯಾವಕ್ಕಾ. ಇನ್ನೇನು ಬಾಕಿ ಇತ್ತು? ಮಗಳು ದೊಡ್ಡೋರ ಕೂಟ ಸೇರಿದ್ಳು ಅಂತ ಕಂಡಕಂಡೋರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ. ಈಗ ನಾನು ತಲೆ ಹೊರಗೆ ಹಾಕಿದ್ರೆ, ನಿದ್ದೆಬುರುಕಿ ತಾಯಿ ಬಂದ್ಳು ಅಂತಾರೆ. ಬೇರು ಅಗಿದು ಅದರ ಪಸೆ ಹೀರ್ಕೊಂಡು ಬದುಕವ್ಳೆ ಮಗು. ನಾನು ನೀರಿಗೆ ಕರ್ಕೊಂಡೋಗ್ತೀನಿ ಬಾರೇ ಅಂದ್ರೆ, ಕೂಟ ಬೇಡ ಅಂದಿದೆ ಅವ್ವ, ಹೋಗಂಗಿಲ್ಲ ಅಂತಾಳೆ. ನಿಮ್ಮ ಕೂಟಕ್ಕಿಷ್ಟು..."

ಮಿಕ್ಕ ಮಾತು ಅವಳು ನುಂಗಿಕೊಂಡ್ಳು. ನುಂಗಿದ್ದೇ ಎಲ್ಲರಿಗೂ ಜಾಸ್ತಿ ಚುಚ್ತು.

ನಿಂಗಿ ಹೊರಗೆ ಬಂದ್ಳು. ತುಟಿ ಒಡೆದಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ದ್ಯಾವಕ್ಕ ಕೇಳಿದ್ಳು, "ನಿನ್ನನ್ನ ಬಂಡೆ ಹತ್ತಿಸಿದ್ದು ಪರಿಮಳ ತಾನೇ? ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?"

"ಅದು ನನ್ನ ತಪ್ಪಲ್ವಲ್ಲಕ್ಕ, ಅವಳದ್ದು. ಅವಳೇ ಹೇಳ್ಬೇಕಲ್ವಾ? ನೀವೇ ಹೇಳಿಕೊಟ್ಟಿದ್ದು," ಅಂದ್ಳು ನಿಂಗಿ. "ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ತಿದ್ದೆ."

ಚಾಟಿ ಏಟು ಬಿದ್ದಂಗಾಯ್ತು. ಕೂಟದ ಮಾತನ್ನ ಕೂಟದಲ್ಲಿ ಕೂತವರು ಯಾರೂ ಉಳಿಸಿರ್ಲಿಲ್ಲ. ಹೊರಗೆ ಹಾಕಿಸ್ಕೊಂಡವಳು ಉಳಿಸಿದ್ಳು. ಅದೂ ಬಾಯಾರಿಕೆ ತಡ್ಕೊಂಡು.

"ಈಗ ಹೇಳು," ಅಂದ್ಳು ದ್ಯಾವಕ್ಕ ಪರಿಮಳನಿಗೆ.

"ಸಣ್ಣಿನೂ ಹಣ್ಣು ತಿಂದ್ಳಲ್ಲ ಅಕ್ಕ, ಅವಳು ಆವತ್ತೇ..."

"ನಿಂದು ಹೇಳು."

"ನಿಂಗಿನೂ ಆಸೆಪಟ್ಟು..."

"ನಿಂದು."

ಪರಿಮಳನ ಬಾಲ ಕಾಲ ಸಂದಿಗೆ ಇಳೀತು. "ಹಣ್ಣಿನಾಸೆಗೆ ಕಾವಲು ಬಿಟ್ಟು ಹೋದೆ," ಅಂದ್ಳು. ಅಷ್ಟು ಸಣ್ಣ ದನಿ ಅವಳಿಗಿದೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. "ಅವಳಿಗೆ ದೂರ ಕಾಣಲ್ಲ ಅಂತ ಅವಳೇ ಹೇಳಿದ್ರೂ ನಿಲ್ಲಿಸ್ದೆ. ಅವಳು ನಿದ್ದೆ ಮಾಡ್ಲಿಲ್ಲ. ಅದು ನಾನು ಕಟ್ಟಿದ್ದು."

ಚುಕ್ಕಿಗೆ ಮೈ ಉರೀತು. ಪರಿಮಳನಿಗೆ ಬೆನ್ನು ಕೊಡೋಣ ಅಂತ ತಿರುಗೋಕೆ ಹೋದ್ಳು. ತಿರುಗಿದ್ರೆ ಎದುರಿಗೆ ನಿಂಗಿ ಮುಖ. ಆ ಮುಖ ನೋಡೋಕಾಗದೆ ಅರ್ಧಕ್ಕೇ ನಿಂತ್ಬಿಟ್ಳು. ಸಣ್ಣಿನೂ ಹಂಗೇ. ಎಲ್ಲರೂ ಅಡ್ಡಡ್ಡ ನಿಂತು, ತಲೆ ತಗ್ಗಿಸಿ, ತಮ್ಮ ತಮ್ಮ ಕಾಲುಗುರು ನೋಡ್ಕೊಳ್ತಾ ಇದ್ರು.

"ನನ್ನ ತಪ್ಪು," ಅಂದ್ಳು ದ್ಯಾವಕ್ಕ. ಅವಳ ಕತ್ತು ಬಗ್ಗಿದ್ದನ್ನ ಆವತ್ತೇ ಮರಿಗಳು ನೋಡಿದ್ದು. "ಬಣ್ಣದ ಮಾತು ಕೇಳಿ ಮೊದಲು ಬೆನ್ನು ತಿರುಗಿಸಿದವಳು ನಾನೇ. ಇಷ್ಟು ದಿನ ಇವಳು ಎಲ್ಲಿ ನೀರು ಕುಡೀತಾಳೆ ಅಂತಲೂ ಕೇಳ್ಲಿಲ್ಲ." ಹಿಂದೆ ಇನ್ನೊಬ್ಬಳ ಹೆಸರು ಸೇರಿಸ್ಲಿಲ್ಲ. ಅಲ್ಲಿಗೇ ನಿಲ್ಲಿಸಿದ್ಳು.

ಆಮೇಲೆ ಪರಿಮಳನಿಗೆ ಹೇಳಿದ್ಳು, "ನಿನ್ನನ್ನ ಕೂಟದಿಂದ ತೆಗೆಯಲ್ಲ. ಹೊಂಡಕ್ಕೆ ಹೋಗೋ ದಾರೀಲಿ ಯಾರ್ಯಾರ ಮುಂದೆ ಇವಳ ಮಾನ ತೆಗೆದ್ಯೋ, ಅವರವರ ಮನೆ ಮುಂದೆ ನಿಂತು ಈಗ ಹೇಳಿದ್ದನ್ನ ಹೇಳು. ನಾವೂ ಬರ್ತೀವಿ."

ಹೊರಟ್ರು. ಪರಿಮಳ ಮುಂದೆ, ಮಿಕ್ಕವರು ಹಿಂದೆ. ಅವಳ ಘಮಲು ಅವಳಿಗಿಂತ ಮುಂಚೆ ಹೋಗಿ ಎಲ್ಲರನ್ನೂ ಬಾಗಿಲಿಗೆ ಕರೀತಿತ್ತು. ಬಚ್ಚಿಟ್ಕೊಂಡು ಹೋಗೋಣ ಅಂದ್ರೂ ಆಗಲ್ಲ!

ಕೆಂಪಮ್ಮ ಬಿಲದಿಂದ ಇಣುಕಿದ್ಳು. "ಬಾರೇ ಪರಿಮಳಾ! ಏನು ಸಮಾಚಾರ? ಆ ನಿದ್ದೆಬುರುಕಿ ಒಪ್ಕೊಂಡ್ಳಾ?"

"ಅವಳು ನಿದ್ದೆ ಮಾಡ್ಲಿಲ್ಲ ಅತ್ತೆ. ನಾನೇ ಹಣ್ಣು ತಿನ್ನೋಕೆ ಓಡಿಹೋಗಿದ್ದು. ನಾನು ಹೇಳಿದ್ದು ಸುಳ್ಳು."

"ಅಯ್ಯೋ ನಿನ್ನ!" ಕೆಂಪಮ್ಮ ಮೂಗಿನ ಮೇಲೆ ಉಗುರಿಟ್ಕೊಂಡ್ಳು. ಆಮೇಲೆ ಹಿಂದೆ ನಿಂತವರನ್ನ ನೋಡಿ, "ಅಲ್ರೇ, ಇವಳು ಹೇಳಿದ್ಳು ಸರಿ. ನೀವೆಲ್ಲ ಏನು ಮಾಡ್ತಿದ್ರಿ? ನಿಮ್ಗೂ ನಿದ್ದೆ ಬಂದಿತ್ತಾ?" ಅಂದ್ಳು.

ಕೆಂಪಮ್ಮ ತಾನೂ ಆ ಸುದ್ದೀನ ನಾಕು ಬಿಲಕ್ಕೆ ಹಂಚಿದ್ಳಲ್ಲ, ಅದು ನೆನಪಾಗಿ ಬಾಲ ಎಳ್ಕೊಂಡು ಒಳಗೆ ಹೋದ್ಳು.

ಉಡದಜ್ಜಿ ಪೂರ್ತಿ ಕೇಳಿಸ್ಕೊಂಡು, ನಾಲಿಗೆ ಒಂದ್ಸಲ ಹೊರಗೆ ಹಾಕಿ ಒಳಗೆಳ್ಕೊಂಡ್ಳು. "ಇನ್ನು ಮೇಲೆ ನಿನ್ನ ಘಮಲು ಬಂದಾಗೆಲ್ಲ ನಂಗೆ ಇದೇ ನೆನಪಾಗೋದು ಕಣವ್ವಾ," ಅಂದ್ಳು. ಪರಿಮಳ ಅಳೋಕೆ ಶುರು ಮಾಡಿದ್ಳು. ಹುತ್ತದ ಮುಂದೆ ಅತ್ತ ಅಳು ಅಲ್ಲ ಇದು. ಮೂಗಲ್ಲಿ ಬಾಯಲ್ಲಿ ಸುರೀತಿತ್ತು. ಒರೆಸ್ಕೊಳ್ಳೋಕೂ ಅವಳಿಗೆ ನೆನಪಿರ್ಲಿಲ್ಲ.

ಹೊಂಡ ಬಂತು. ದ್ಯಾವಕ್ಕ ತಾನೇ ಬಂಡೆ ಪಕ್ಕ ಕಾವಲು ನಿಂತ್ಳು. ಯಾರೂ ನೀರು ಮುಟ್ಲಿಲ್ಲ. ನಿಂಗಿ ಒಬ್ಬಳೇ ಇಳಿದು ಬಾಯಿಟ್ಳು. ಗೊಟಕ್, ಗೊಟಕ್ ಅಂತ ಸದ್ದು ಬರ್ತಾನೇ ಇತ್ತು, ನಿಲ್ತಾನೇ ಇರ್ಲಿಲ್ಲ. ದಡದಲ್ಲಿ ನಿಂತವರು ಆ ಒಂದೊಂದು ಗುಟುಕಿಗೂ ಕುಗ್ಗಿ ಹೋಗ್ತಿದ್ರು. ಅಷ್ಟು ಬಾಯಾರಿಕೆ ಇತ್ತಾ ಇವಳಿಗೆ ಅಂತ.

ನಿಂಗಿ ಕುಡಿದು ಮೇಲೆ ಬಂದ್ಳು. ಏನಂತಾಳೋ, ಬೈತಾಳೋ ಅಂತ ಎಲ್ಲರೂ ಕಾದ್ರು. ಬೈದ್ರೆ ಚೆನ್ನಾಗಿತ್ತು. ಅವಳು ಕಣ್ಣು ಕಿರಿದು ಮಾಡ್ಕೊಂಡು, ಹತ್ತಿರ ಬಂದು ಬಗ್ಗಿ ಚುಕ್ಕಿಯ ಹಿಂಗಾಲು ನೋಡಿದ್ಳು.

"ಗಾಯ ಒಣಗ್ತಾ ಇದೆಯೇನೇ? ನಡೆದ್ರೆ ನೋಯುತ್ತಾ?"

ಚುಕ್ಕಿ ಮುಖ ಎಲ್ಲಿಟ್ಕೊಳ್ಳೋದು ಅಂತ ಗೊತ್ತಾಗದೆ ಹುಲ್ಲಿನೊಳಗೆ ಹುದುಗಿಸಿಕೊಂಡ್ಳು.

ನೀತಿ: ತಪ್ಪೊಪ್ಪಿಕೊಳ್ಳೋ ನೆಪದಲ್ಲಿ ಇನ್ನೊಬ್ಬರ ಮಾನ ತೆಗೆಯೋರು ಕೊನೆಗೆ ನಾಕು ಜನರ ಮುಂದೆ ತಲೆ ತಗ್ಗಿಸಲೇಬೇಕು, ಅಂಥವರ ಮಾತು ನಂಬಿ, ವಿಚಾರಿಸದೆ ಗೆಳತಿಗೆ ಬೆನ್ನು ತಿರುಗಿಸಿದವರಿಗೂ ಆ ನಾಚಿಕೆ ತಪ್ಪಿದ್ದಲ್ಲ.